ಹಿಮದೂರಿನ ನೀರು ಕುಡಿಯುವ ರಸ್ತೆಗಳು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಾಂಕರ್ಡ್ ಊರಿನ ವಾಲ್ಡನ್ ಕೊಳ ಕನ್ನಡದ ಓದುಗರಿಗೆ ತೀರ ಅಪರಿಚಿತವೇನಲ್ಲ. ಹೆನ್ರಿ ಡೇವಿಡ್ ಥೋರೋ 1845ರಲ್ಲಿ ಗುಡಿಸಲು ಕಟ್ಟಿಕೊಂಡು ಕೂತದ್ದು ಅದರ ದಡದಲ್ಲಿ. ಆತ ಅಲ್ಲಿದ್ದಾಗಲೇ, 1846–47ರ ಚಳಿಗಾಲದಲ್ಲಿ, ಆಳುಗಳ ದಂಡೊಂದು ಬಂದು ಕೊಳದ ಮಂಜುಗಡ್ಡೆಯನ್ನು ಚೌಕಚೌಕವಾಗಿ ಕತ್ತರಿಸಿ ದಡದಲ್ಲಿ ಒಟ್ಟಿತು. ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಆ ಸೀಮೆಯ ಕೊಳಗಳ ಮಂಜುಗಡ್ಡೆಯನ್ನು ಹಡಗಿಗೆ ತುಂಬಿ ಕಲ್ಕತ್ತ, ಮದ್ರಾಸು, ಬೊಂಬಾಯಿಗಳಿಗೆ ಕಳಿಸುತ್ತಿದ್ದ ದಿನಗಳವು. ಚೆನ್ನೈನ ಮರೀನಾ ಎದುರಿಗೆ ಇಂದಿಗೂ ನಿಂತಿರುವ ಐಸ್ ಹೌಸ್ ಆ ಸರಕನ್ನಿಡಲೆಂದೇ ಕಟ್ಟಿದ ಉಗ್ರಾಣ.

ಅಂಥ ಚಳಿಯ ಕೊಳದ ಪಕ್ಕದಲ್ಲಿ, ನೋಡಲು ಬರುವವರ ಕಾರು ನಿಲ್ಲಿಸಲೆಂದು, 1977ರಲ್ಲಿ ಒಂದು ವಿಚಿತ್ರವಾದ ಪಾರ್ಕಿಂಗ್ ಜಾಗ ಮಾಡಿದರು. ಟಾರೇ, ಆದರೆ ತೂತುತೂತಾದ ಟಾರು. ಬಿದ್ದ ಮಳೆ ಕೊಳದ ಕಡೆಗೆ ಹರಿದುಹೋಗದೆ ಬಿದ್ದಲ್ಲೇ ಇಳಿದು ಕೆಳಗಿನ ಜಲ್ಲಿಯ ಪದರ ಸೇರಿ, ನಿಧಾನವಾಗಿ ನೆಲಕ್ಕೆ ಇಂಗುತ್ತದೆ. ಚಳಿಗಾಲ ಕಳೆಯುತ್ತಲೇ ರಸ್ತೆಗಳು ಬಿರಿದು ಗುಂಡಿ ಬೀಳುವ ಸೀಮೆ ಅದು. ಈ ಜಾಗಕ್ಕೆ ಮಾತ್ರ ಕಾಲು ಶತಮಾನ ಕಳೆದರೂ ಹೊಸದಾಗಿ ಟಾರು ಹಾಕಬೇಕಾಗಿ ಬರಲಿಲ್ಲ. ನೀರು ಇಂಗುವುದೂ ನಿಲ್ಲಲಿಲ್ಲ.

ಮಾಮೂಲಿ ತರ್ಕಕ್ಕೆ ಇದು ಒಗ್ಗುವ ಮಾತಲ್ಲ. ನೀರು ಹೆಪ್ಪುಗಟ್ಟಿದರೆ ಗಾತ್ರದಲ್ಲಿ ಸುಮಾರು ಶೇ 9ರಷ್ಟು ಹಿಗ್ಗುತ್ತದೆಂದು ಶಾಲೆಯಲ್ಲಿ ಓದಿದ್ದೇವೆ. ಫ್ರೀಜರ್‌ನಲ್ಲಿ ಮರೆತಿಟ್ಟ ಗಾಜಿನ ಬಾಟಲಿ ಒಡೆದದ್ದನ್ನು ಕಂಡವರೂ ಇದ್ದೇವೆ. ಮೈತುಂಬ ನೀರು ಕುಡಿದ ರಸ್ತೆ ಮೊದಲ ಹಿಮಕ್ಕೇ ಸಿಡಿದುಹೋಗಬೇಕಿತ್ತಲ್ಲ? ಚಳಿ ದೇಶಗಳ ಎಂಜಿನಿಯರುಗಳೂ ಬಹುಕಾಲ ಹೀಗೆಯೇ ಅಂದುಕೊಂಡಿದ್ದರು. ಅಂದುಕೊಂಡದ್ದು ಏಕೆ ತಪ್ಪಾಯಿತು ಎನ್ನುವುದರಲ್ಲಿ ಈ ರಸ್ತೆಗಳ ಗುಟ್ಟಿದೆ.

ಅದಕ್ಕೆ ಮೊದಲು, ಇಂಥ ರಸ್ತೆಯ ಗೊಡವೆ ಯಾಕೆ ಬೇಕಾಯಿತು ಎಂದು ನೋಡಬೇಕು. ಒಂದು ಹೆಕ್ಟೇರ್ ಟಾರು ಜಾಗದ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಎರಡೂವರೆ ಲಕ್ಷ ಲೀಟರ್ ನೀರು. ಹೊಲದಲ್ಲಾದರೆ ಬಹುಪಾಲು ಇಂಗುತ್ತಿತ್ತು. ಟಾರಿನ ಮೇಲೆ ಒಟ್ಟಿಗೇ ಚರಂಡಿಗೆ ನುಗ್ಗುತ್ತದೆ. ಇಷ್ಟು ನಮ್ಮ ಊರುಗಳಿಗೂ ಗೊತ್ತಿರುವ ಕಥೆ. ಹಿಮದ ಊರುಗಳ ಕಷ್ಟ ಇನ್ನೂ ಒಂದು ಕೈ ಮೇಲು. ಅಲ್ಲಿ ಡಿಸೆಂಬರಿನಿಂದ ಮಾರ್ಚಿನವರೆಗೆ ಬಿದ್ದದ್ದೆಲ್ಲ ಬಿದ್ದಲ್ಲೇ ಕೂರುತ್ತದೆ. ಬುಲ್ಡೋಜರಿನಂಥ ಗಾಡಿಗಳು ಹಿಮವನ್ನು ಬದಿಗೆ ತಳ್ಳಿ ಗುಡ್ಡೆ ಹಾಕುತ್ತವೆ. ಆ ಗುಡ್ಡೆಗೆ ವಾಹನಗಳ ಎಣ್ಣೆ, ಬ್ರೇಕಿನ ಲೋಹದ ಪುಡಿ, ರಸ್ತೆಗೆ ಚೆಲ್ಲಿದ ಉಪ್ಪು ಎಲ್ಲವೂ ಸೇರುತ್ತವೆ. ಮಾರ್ಚಿನ ಒಂದು ಬೆಚ್ಚನೆಯ ದಿನ ಹಿಮದ ಮೇಲೆ ಮಳೆ ಬಂತೆಂದರೆ, ತಿಂಗಳುಗಳ ನೀರು ಒಂದೇ ದಿನ ಹೊರಡುತ್ತದೆ. ನೆಲ ಇನ್ನೂ ಕಲ್ಲಿನಂತಿದೆ, ಚರಂಡಿಯ ಬಾಯಿಗೆ ಮಂಜುಗಡ್ಡೆ ಕಟ್ಟಿದೆ. ಫಿಲಡೆಲ್ಫಿಯಾ, ಷಿಕಾಗೊದಂಥ ಹಳೆಯ ನಗರಗಳ ಬಹುಭಾಗದಲ್ಲಿ ಮಳೆನೀರಿಗೂ ಮಲಿನನೀರಿಗೂ ಒಂದೇ ಕೊಳವೆ. ಅದು ತುಂಬಿದರೆ ಎರಡೂ ಕೂಡಿ ನದಿಗೆ ಉಕ್ಕುತ್ತವೆ. ತೂತು ಟಾರಿನ ಮೊದಮೊದಲ ಪ್ರಯೋಗ 1970ರ ದಶಕದ ಆರಂಭದಲ್ಲಿ ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್‌ನಲ್ಲೇ ನಡೆಯಿತು.

ಇಂಥ ರಸ್ತೆಯ ರಚನೆ ಕೇಳಿದರೆ ಸರಳ. ಮಾಮೂಲಿ ಟಾರಿನಲ್ಲಾಗಲಿ ಕಾಂಕ್ರೀಟಿನಲ್ಲಾಗಲಿ ದೊಡ್ಡ ಜಲ್ಲಿಯ ಸಂದುಗಳನ್ನು ಸಣ್ಣ ಜಲ್ಲಿ, ಅದರ ಸಂದುಗಳನ್ನು ಮರಳು ತುಂಬುತ್ತವೆ. ಇಲ್ಲಿ ಆ ಸಣ್ಣದ್ದನ್ನು ಹೆಚ್ಚುಕಡಿಮೆ ಬಿಟ್ಟೇಬಿಡುತ್ತಾರೆ. ಒಂದೇ ಅಳತೆಯ ಜಲ್ಲಿ, ಅದರ ಮೈಗೆ ತೆಳ್ಳಗೆ ಸವರಿದ ಟಾರು ಇಲ್ಲವೇ ಸಿಮೆಂಟು. ಬೆಲ್ಲದ ಪಾಕದಲ್ಲಿ ಕಟ್ಟಿದ ಮಂಡಕ್ಕಿ ಉಂಡೆಯ ಹಾಗೆ: ಕಾಳುಗಳು ಮುಟ್ಟಿದ ಕಡೆ ಅಂಟಿಕೊಂಡಿವೆ, ಉಳಿದದ್ದು ಬರೀ ಸಂದು. ಮೇಲ್ಪದರದ ಗಾತ್ರದಲ್ಲಿ ಶೇ 15ರಿಂದ 25ರಷ್ಟು ಗಾಳಿಯೇ. ಅದರ ಕೆಳಗಿರುವುದು ತೊಳೆದ ದಪ್ಪ ಜಲ್ಲಿಯ ಹಾಸು. ಅದರಲ್ಲಿ ಶೇ 40ರಷ್ಟು ಸಂದು. ಹೀಗೆ 30 ಸೆಂಟಿಮೀಟರ್ ದಪ್ಪದ ಜಲ್ಲಿ ಹಾಸು 120 ಮಿಲಿಮೀಟರ್ ಮಳೆಯನ್ನು ಹೊಟ್ಟೆಗೆ ಹಾಕಿಕೊಳ್ಳಬಲ್ಲದು. ಕಣ್ಣಿಗೆ ಕಾಣುವ ರಸ್ತೆ ಬರೀ ಮುಚ್ಚಳ. ನಿಜವಾದ ಕೆಲಸವೆಲ್ಲ ನೆಲದಡಿಯ ಈ ಜಲ್ಲಿಯದು.

ಈಗ ಮಂಜುಗಡ್ಡೆಯ ವಿಚಾರ. ಚಳಿ ದೇಶದ ರಸ್ತೆ ಉಬ್ಬುವುದು ನೀರು ಹಿಗ್ಗುವುದರಿಂದ ಎಂದೇ ಎಲ್ಲರೂ ನಂಬಿದ್ದ ಕಾಲದಲ್ಲಿ, ಅಮೆರಿಕದ ಭೂವಿಜ್ಞಾನಿ ಸ್ಟೀಫನ್ ಟೇಬರ್ ಒಂದು ತುಂಟ ಪ್ರಯೋಗ ಮಾಡಿದ. ಮಣ್ಣಿಗೆ ನೀರಿನ ಬದಲು ಬೆಂಜೀನ್ ಮತ್ತು ನೈಟ್ರೊಬೆಂಜೀನ್ ಹಾಕಿ ಹೆಪ್ಪುಗಟ್ಟಿಸಿದ. ಇವು ಹೆಪ್ಪುಗಟ್ಟುವಾಗ ಹಿಗ್ಗುವುದಿಲ್ಲ, ಕುಗ್ಗುತ್ತವೆ. ಆದರೂ ಮಣ್ಣು ಉಬ್ಬಿತು. 1930ರ ತನ್ನ ಪ್ರಬಂಧದಲ್ಲಿ ಟೇಬರ್ ಕಾರಣ ಬಿಡಿಸಿಟ್ಟ. ನುಣುಪಾದ ಹೂಳುಮಣ್ಣಿನಲ್ಲಿ ಚಳಿ ಮೇಲಿನಿಂದ ಇಳಿಯುತ್ತ ಬಂದಂತೆ, ಕೆಳಗಿನ ತೇವ ಮಣ್ಣಿನ ಸೂಕ್ಷ್ಮ ಸಂದುಗಳ ಮೂಲಕ ಮೇಲಕ್ಕೆ ಎಳೆಯಲ್ಪಟ್ಟು, ಹೆಪ್ಪುಗಟ್ಟುವ ಗೆರೆಗೆ ಬಂದು ಪದರಪದರವಾಗಿ ಗಡ್ಡೆ ಕಟ್ಟುತ್ತದೆ. ಕೆಳಗೆ ನೀರು ಸಿಗುತ್ತಿರುವವರೆಗೆ ಗಡ್ಡೆ ದಪ್ಪಗಾಗುತ್ತಲೇ ಹೋಗುತ್ತದೆ, ನೆಲ ಏಳುತ್ತಲೇ ಹೋಗುತ್ತದೆ. ವಸಂತ ಬಂದಾಗ ಗಡ್ಡೆ ಮೇಲಿನಿಂದ ಕರಗಿ, ಕೆಳಗಿನ್ನೂ ಹೆಪ್ಪಾಗಿರುವುದರಿಂದ ಇಳಿಯಲು ದಾರಿಯಿಲ್ಲದೆ, ರಸ್ತೆಯ ಅಡಿಪಾಯವೇ ರಾಡಿಯಾಗುತ್ತದೆ. ಮಿನೆಸೋಟದಂಥ ರಾಜ್ಯಗಳು ವಸಂತದ ಕೆಲವು ವಾರ ಲಾರಿಗಳ ತೂಕಕ್ಕೆ ಮಿತಿ ಹಾಕುವುದು ಈ ಕಾರಣಕ್ಕೆ.

ತೊಳೆದ ದಪ್ಪ ಜಲ್ಲಿಯಲ್ಲಿ ಈ ಆಟ ನಡೆಯದು. ಅದರ ಸಂದುಗಳು ಎಷ್ಟು ದೊಡ್ಡವೆಂದರೆ ನೀರು ಅವುಗಳೊಳಗೆ ಇಳಿಯಬಲ್ಲದೇ ಹೊರತು ಏರಲಾರದು. ಮಳೆ ನಿಂತ ಮೇಲೆ ನೀರು ತಳಕ್ಕೆ ಇಳಿದುಹೋಗಿರುತ್ತದೆ. ಕಲ್ಲಿನ ಮೈಗೆ ಅಂಟಿದ ತೆಳ್ಳನೆಯ ಪಸೆ ಮಾತ್ರ ಹೆಪ್ಪುಗಟ್ಟುತ್ತದೆ. ಅಕಸ್ಮಾತ್ ಒಂದಿಷ್ಟು ನೀರು ಉಳಿದು ಗಡ್ಡೆಯಾದರೂ ಹಿಗ್ಗಲು ಪಕ್ಕದಲ್ಲೇ ಖಾಲಿ ಜಾಗವಿದೆ. ನೀರನ್ನು ಹೊರಗೇ ತಡೆಯುತ್ತೇನೆಂದು ಹೊರಟ ಮಾಮೂಲಿ ರಸ್ತೆ ಬಿರುಕಿನಲ್ಲಿ ನುಸುಳಿದ ನೀರನ್ನು ಹೊರಹಾಕಲಾರದೆ ಸಾಯುತ್ತದೆ. ನೀರಿಗೆ ದಾರಿ ಬಿಟ್ಟ ರಸ್ತೆ ಬದುಕುತ್ತದೆ. ಜಲ್ಲಿ ಹಾಸು ಸಾಕಷ್ಟು ಆಳವಿರಬೇಕು, ಅಷ್ಟೆ. ನ್ಯೂ ಹ್ಯಾಂಪ್‌ಷೈರ್ ವಿಶ್ವವಿದ್ಯಾಲಯದ ಮಳೆನೀರು ಕೇಂದ್ರ ಹೇಳುವ ಸೂತ್ರದ ಪ್ರಕಾರ, ಆ ಊರಿನ ನೆಲ ಎಷ್ಟು ಆಳಕ್ಕೆ ಹೆಪ್ಪುಗಟ್ಟುವುದೆಂದು ಲೆಕ್ಕ ಹಿಡಿಯುತ್ತಾರೋ ಅದರ ಶೇ 65ರಷ್ಟು ಆಳ ಈ ರಚನೆಗೆ ಬೇಕು. ಅವರ ಸೀಮೆಯ ಲೆಕ್ಕ ಸುಮಾರು 1.2 ಮೀಟರ್, ಹಾಗಾಗಿ ಅಗೆಯಬೇಕಾದ್ದು ಸುಮಾರು 80 ಸೆಂಟಿಮೀಟರ್.

ಈ ಕೇಂದ್ರ ಇರುವುದು ಡರ್ಹಮ್ ಎಂಬ ಪುಟ್ಟ ಊರಿನಲ್ಲಿ. 2004ರಲ್ಲಿ ಅದು ವಿಶ್ವವಿದ್ಯಾಲಯದ ಆವರಣದಲ್ಲಿ ತೂತು ಟಾರಿನ ಪಾರ್ಕಿಂಗ್ ಜಾಗವೊಂದನ್ನು ಹಾಕಿ, ಮಾಮೂಲಿ ಟಾರಿನ ಜಾಗದೊಂದಿಗೆ ಹೋಲಿಸುತ್ತ ವರ್ಷಗಟ್ಟಲೆ ಅಳೆಯಿತು. ರಾಬರ್ಟ್ ರೋಸೀನ್, ಥಾಮಸ್ ಬ್ಯಾಲೆಸ್ಟೆರೊ, ಜೇಮ್ಸ್ ಹೌಲ್ ಮುಂತಾದವರ ಕೆಲಸ ಇದು. ಚಳಿ ರಚನೆಯೊಳಗೆ 71 ಸೆಂಟಿಮೀಟರಿನವರೆಗೆ ಇಳಿದರೂ ನೀರು ಇಂಗುವುದು ನಿಲ್ಲಲಿಲ್ಲ. ಎಣ್ಣೆಯಂಶ, ಸತು, ತೇಲುವ ಕೆಸರು ಒಳಗಿನ ಮರಳಿನ ಸೋಸುಪದರದಲ್ಲಿ ಚೆನ್ನಾಗಿ ಸೋಸಿಹೋದವು. ನೈಟ್ರೇಟ್ ಮತ್ತು ಕ್ಲೋರೈಡ್ ಮಾತ್ರ ಹಾಗೆಯೇ ಹಾದುಹೋದವು.

ಕ್ಲೋರೈಡ್ ಅಂದರೆ ಉಪ್ಪು. ಡರ್ಹಮ್‌ನ ಅಳತೆಗಳಲ್ಲಿ ನನಗೆ ಎಲ್ಲಕ್ಕಿಂತ ಸ್ವಾರಸ್ಯವಾಗಿ ಕಂಡದ್ದು ಈ ಉಪ್ಪಿನ ಲೆಕ್ಕವೇ. ಬಾಸ್ಟನ್ನಿನಲ್ಲೋ ಟೊರಾಂಟೊದಲ್ಲೋ ಮಕ್ಕಳಿರುವ ಅಪ್ಪ ಅಮ್ಮಂದಿರಿಗೆ ಫೋನಿನಲ್ಲಿ ಬ್ಲ್ಯಾಕ್ ಐಸ್ ಎಂಬ ಮಾತು ಕೇಳಿ ಗೊತ್ತಿರುತ್ತದೆ. ಹಗಲಿನ ಬಿಸಿಲಿಗೆ ಬದಿಯ ಹಿಮದ ಗುಡ್ಡೆ ಕರಗಿ, ನೀರು ಟಾರಿನ ಮೇಲೆ ತೆಳ್ಳಗೆ ಹರಡಿ, ರಾತ್ರಿ ಕಣ್ಣಿಗೆ ಕಾಣದ ಗಾಜಿನ ಪೊರೆಯಾಗುತ್ತದೆ. ಕಾಲಿಟ್ಟರೆ ಸೊಂಟ ಮುರಿಯುವುದು ಖಂಡಿತ. ಅದಕ್ಕೇ ಅಲ್ಲಿ ಹಿಮ ಬೀಳದ ದಿನವೂ ಉಪ್ಪು ಚೆಲ್ಲುತ್ತಾರೆ. ತೂತು ಟಾರಿನಲ್ಲಿ ಕರಗಿದ ನೀರು ಹರಡುವ ಮೊದಲೇ ಇಳಿದುಬಿಡುವುದರಿಂದ ರಾತ್ರಿ ಹೆಪ್ಪುಗಟ್ಟಲು ಮೇಲೆ ಏನೂ ಉಳಿಯುವುದಿಲ್ಲ. ಕಾಲು ಜಾರದಷ್ಟು ಸುರಕ್ಷಿತವಾಗಿಡಲು ಈ ಜಾಗಕ್ಕೆ ಬೇಕಾದ ಉಪ್ಪು ಶೇ 64ರಿಂದ 77ರಷ್ಟು ಕಡಿಮೆ ಎಂದು ಡರ್ಹಮ್‌ನವರು ಕಂಡುಕೊಂಡರು. ಆ ರಾಜ್ಯದಲ್ಲಿ ಇದು ಸಣ್ಣ ಮಾತಲ್ಲ; ಐ-93 ಹೆದ್ದಾರಿಯನ್ನು ಅಗಲ ಮಾಡಲು ಹೊರಟಾಗ ಅಕ್ಕಪಕ್ಕದ ತೊರೆಗಳ ಕ್ಲೋರೈಡೇ ದೊಡ್ಡ ತಕರಾರಾಗಿ ಎದ್ದು ನಿಂತಿತ್ತು. ಲೀಟರಿಗೆ 230 ಮಿಲಿಗ್ರಾಮಿಗಿಂತ ಹೆಚ್ಚು ಕ್ಲೋರೈಡ್ ದೀರ್ಘಕಾಲ ಇದ್ದರೆ ಸಿಹಿನೀರಿನ ಜೀವಿಗಳಿಗೆ ಆಪತ್ತೆಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮಾನದಂಡ. ಒಮ್ಮೆ ನೀರಿಗೆ ಸೇರಿದ ಉಪ್ಪನ್ನು ಯಾವ ರಸ್ತೆಯೂ ಸೋಸಿಕೊಡದು, ಆದ್ದರಿಂದ ಹಾಕುವುದನ್ನೇ ಕಡಿಮೆ ಮಾಡಬೇಕು.

ಹಾಗೆಂದು ತೂತು ಇದ್ದಲ್ಲೆಲ್ಲ ಉಪ್ಪು ಉಳಿಯುತ್ತದೆಂದು ತಿಳಿಯಬಾರದು. ನೆದರ್‌ಲ್ಯಾಂಡ್ಸ್‌ನ ಹೆದ್ದಾರಿಗಳಲ್ಲಿ ಬಹುಪಾಲು ತೂತು ಟಾರಿನವೇ. ಅಲ್ಲಿ ಅದನ್ನು ಹಾಕಿದ್ದು ಚಕ್ರದ ಸದ್ದು ತಗ್ಗಲಿ, ಮುಂದಿನ ಲಾರಿಯ ನೀರಿನ ತುಂತುರು ಕಣ್ಣಿಗೆ ಅಡ್ಡಬಾರದಿರಲಿ ಎಂದು. ಐದಾರು ಸೆಂಟಿಮೀಟರ್ ತೆಳುಪದರ, ಕೆಳಗೆ ನೀರು ಇಂಗದ ಗಟ್ಟಿ ಟಾರು. ನೀರು ಪಕ್ಕಕ್ಕೆ ಜಾರಿ ಹೋಗಬೇಕು. ಅಲ್ಲಿ ಚೆಲ್ಲಿದ ಉಪ್ಪುನೀರು ಸಂದುಗಳಿಗೆ ಇಳಿದುಬಿಡುವುದರಿಂದ ಮಾಮೂಲಿ ರಸ್ತೆಗಿಂತ ಹೆಚ್ಚು ಉಪ್ಪು ಬೇಕಾಗುತ್ತದೆ, ಕಡುಚಳಿಯ ವರ್ಷಗಳಲ್ಲಿ ಮೇಲಿನ ಜಲ್ಲಿ ಕಿತ್ತುಬರುತ್ತದೆ. ಡರ್ಹಮ್‌ನಲ್ಲೂ ಚಕ್ರದಡಿ ಒತ್ತಿ ಗಟ್ಟಿಯಾದ ಹಿಮ ತೂತು ಟಾರಿಗೆ ಅಂಟಿದರೆ ಬಿಡಿಸುವುದು ಸುಲಭವಲ್ಲ. ಗಾಡಿ ಬೇಗ ಬಂದು ಕೆರೆಯಬೇಕು.

ಸ್ವೀಡನ್ನಿನ ತೀರ ಉತ್ತರದ ಲುಲಿಯೋ ನಗರದಲ್ಲಿ ಪರೀಕ್ಷೆ ಇನ್ನೂ ಕಠಿಣ. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದ ಮ್ಯಾಗ್ನಸ್ ಬೆಕ್‌ಸ್ಟ್ರೋಮ್ 1990ರ ದಶಕದಲ್ಲಿ ಇಂಥ ರಸ್ತೆಯಡಿಯ ಉಷ್ಣತೆ ಅಳೆದಾಗ, ಇಂಗಿದ ನೀರಿನಿಂದ ಕೆಳಗಿನ ಮಣ್ಣು ಹೆಚ್ಚು ತೇವವಾಗಿದ್ದು, ಹೆಪ್ಪುಗಟ್ಟುವಾಗ ಆ ತೇವ ಬಿಟ್ಟುಕೊಡುವ ಶಾಖವೇ ಚಳಿಯನ್ನು ಆಳಕ್ಕೆ ಇಳಿಯಗೊಡುವುದಿಲ್ಲ ಎಂದು ಗೊತ್ತಾಯಿತು. ವಸಂತದಲ್ಲಿ ಹಿಮ ಕರಗಿದ ನೀರು ಒಳಗಿಳಿದು ನೆಲವನ್ನು ಬೇಗ ಕರಗಿಸುತ್ತದೆ. ಅವರೇ ಇನ್ನೊಬ್ಬರೊಡನೆ ಪ್ರಯೋಗಾಲಯದಲ್ಲಿ ತೂತು ಟಾರಿನ ತುಂಡುಗಳನ್ನು ಕಾಡಿಸಿ ನೋಡಿದರು. ಸೊನ್ನೆ ಡಿಗ್ರಿಯಲ್ಲಿ ಇಂಗುವ ವೇಗ 20 ಡಿಗ್ರಿಯಲ್ಲಿದ್ದುದರ ಶೇ 40ಕ್ಕೆ ಇಳಿಯಿತು. ಎರಡು ದಿನ ಕರಗಿಸಿ, ಹೆಪ್ಪುಗಟ್ಟಿಸಿ, ಮತ್ತೆ ಕರಗಿಸಿದಾಗ ಶೇ 90ರಷ್ಟು ಕುಸಿಯಿತು. ಹಿಮ ಕರಗುವ ಕಾಲದಲ್ಲಿ ನಿಮಿಷಕ್ಕೆ 1ರಿಂದ 5 ಮಿಲಿಮೀಟರ್ ಇಂಗಬಹುದೆಂಬುದು ಅವರ ಅಂದಾಜು. ಕೇಳಿದರೆ ಸೋಲಿನಂತೆ ಕಾಣುತ್ತದೆ. ಆದರೆ ನಿಮಿಷಕ್ಕೆ 1 ಮಿಲಿಮೀಟರ್ ಅಂದರೆ ಗಂಟೆಗೆ 60. ಬೆಂಗಳೂರಿನಲ್ಲಿ ಅಷ್ಟು ಸುರಿದರೆ ಅಂಡರ್‌ಪಾಸ್‌ಗಳು ತುಂಬಿಹೋಗುತ್ತವೆ. ಹಿಮ ಅಷ್ಟು ವೇಗದಲ್ಲಿ ಕರಗುವ ಪ್ರಶ್ನೆಯೇ ಇಲ್ಲ.

ಟಾರಿಗಿಂತ ಕಾಂಕ್ರೀಟಿನ ಕಥೆ ತೊಡಕಿನದು. ಮರಳಿಲ್ಲದ ಕಾಂಕ್ರೀಟಿನಲ್ಲಿ ಜಲ್ಲಿಯಿಂದ ಜಲ್ಲಿಗೆ ಇರುವ ಸಿಮೆಂಟಿನ ಬೆಸುಗೆ ತೆಳು. ಹೆಪ್ಪು-ಕರಗುಗಳ ಸರದಿಯಲ್ಲಿ ಅದು ಪುಡಿಯಾಗಿ ಮೇಲಿನ ಕಲ್ಲುಗಳು ಒಂದೊಂದಾಗಿ ಏಳುತ್ತವೆ. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜಾನ್ ಕೆವರ್ನ್, ವರ್ನನ್ ಷೇಫರ್, ಕೆಜಿನ್ ವಾಂಗ್ 2000ದ ದಶಕದಲ್ಲಿ ಇದಕ್ಕೆ ಮದ್ದು ಹುಡುಕಿದರು. ಬಿಟ್ಟಿದ್ದ ಮರಳನ್ನೇ ಚೂರು ಮರಳಿ ಸೇರಿಸಿದರು: ಜಲ್ಲಿಯ ತೂಕದ ಸುಮಾರು ಶೇ 7. ಬೆಸುಗೆ ದಪ್ಪವಾಯಿತು, ಸಂದು ಮುಚ್ಚಲಿಲ್ಲ, 300 ಸಲ ಹೆಪ್ಪುಗಟ್ಟಿಸಿ ಕರಗಿಸುವ ಪರೀಕ್ಷೆಯನ್ನು ತಾಳಿಕೊಳ್ಳುವ ಶಕ್ತಿ ಬಹಳ ಏರಿತು. ಆಮೇಲೆ ಉಳಿಯುವುದು ಮೇಸ್ತ್ರಿಯ ಕೈಚಳಕ. ಈ ಕಾಂಕ್ರೀಟ್ ತೂತುಗಳಿಂದಾಗಿ ಎಲ್ಲ ಕಡೆಯಿಂದ ಬೇಗ ಒಣಗುತ್ತದೆ. ಹಾಕಿದ ಕೂಡಲೇ ಪ್ಲಾಸ್ಟಿಕ್ ಹಾಳೆ ಹೊದಿಸಿ ಒಂದು ವಾರ ಕ್ಯೂರಿಂಗ್ ಮಾಡದಿದ್ದರೆ ಮೊದಲ ಚಳಿಗಾಲದಲ್ಲೇ ಕಿತ್ತುಬರುತ್ತದೆ. ಉಪ್ಪು ಇದರ ಬದ್ಧವೈರಿ. ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಕ್ಲೋರೈಡ್‌ಗಳು ಸಿಮೆಂಟಿನೊಳಗಿನ ಸುಣ್ಣದ ಅಂಶದೊಡನೆ ಸೇರಿ ಹಿಗ್ಗುವ ಲವಣವಾಗಿ ಬೆಸುಗೆಯನ್ನು ಒಳಗಿನಿಂದ ಸೀಳುತ್ತವೆ.

ಚಳಿಯೂರಿಗೆ ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ಇಂಟರ್‌ಲಾಕ್ ಕಲ್ಲಿನ ಕಡೆ ಕೈ ತೋರಿಸುತ್ತೇನೆ. ಕಾರ್ಖಾನೆಯಲ್ಲಿ ಒತ್ತಿ ಮಾಡಿದ ಗಟ್ಟಿ ಕಾಂಕ್ರೀಟ್ ಬ್ಲಾಕು, ಅದರಲ್ಲಿ ತೂತೇ ಇಲ್ಲ. ನೀರು ಇಳಿಯುವುದು ಬ್ಲಾಕುಗಳ ನಡುವಿನ ಸಂದಿಗೆ ತುಂಬಿದ ಬೇಬಿ ಜಲ್ಲಿಯ ಮೂಲಕ. ನೆಲ ತುಸು ಎದ್ದರೂ ಬ್ಲಾಕುಗಳು ಬಿಡಿಬಿಡಿಯಾಗಿ ಎದ್ದು ಮತ್ತೆ ಕೂರುತ್ತವೆ. ಸಂದಿ ಕಟ್ಟಿಕೊಂಡರೆ ಜಲ್ಲಿಯನ್ನು ಹೀರಿ ತೆಗೆದು ಹೊಸದು ತುಂಬಿದರಾಯಿತು. ಅಯೋವಾದ ಚಾರ್ಲ್ಸ್ ಸಿಟಿ ಎಂಬ ಸಣ್ಣ ಊರು ತನ್ನ ವಸತಿ ಬೀದಿಗಳನ್ನು ಸಾಲಾಗಿ ಹೀಗೆ ಮಾಡಿಕೊಂಡಿದೆ. ಅಡಿಯಲ್ಲಿ ಜೇಡಿಮಣ್ಣಿದ್ದರೆ? ಟೊರಾಂಟೊ ಹತ್ತಿರ ವಾನ್‌ನ ಕಾರ್ಟ್‌ರೈಟ್ ಕೇಂದ್ರದಲ್ಲಿ ಜೆನಿಫರ್ ಡ್ರೇಕ್ ಮತ್ತು ಸಂಗಡಿಗರು ಅಂಟುಜೇಡಿಯ ಮೇಲೆಯೇ ಎರಡು ಬಗೆಯ ಬ್ಲಾಕುಗಳನ್ನೂ ತೂತು ಕಾಂಕ್ರೀಟನ್ನೂ ಹಾಕಿ ಅಳೆದರು. ತಳದಲ್ಲಿ ಒಂದು ಕೊಳವೆ ಇಟ್ಟರೂ ಹೊರಬಂದ ನೀರು ಶೇ 43ರಷ್ಟು ಕಡಿಮೆಯಾಯಿತು. ಬಂದದ್ದೂ ನಿಧಾನವಾಗಿ, ನೆರೆಯ ಹೊತ್ತು ಕಳೆದ ಮೇಲೆ ಬಂತು.

ದುಡ್ಡಿನ ವಿಚಾರದಲ್ಲಿ ಚದರಡಿ ಲೆಕ್ಕ ಹಾಕಿದವರು ಮೋಸಹೋಗುತ್ತಾರೆ. ರಸ್ತೆ ದುಬಾರಿ, ಸರಿ. ಆದರೆ ಚರಂಡಿ, ಕೊಳವೆ, ನೀರು ನಿಲ್ಲಿಸುವ ಹೊಂಡ ಇವು ತಪ್ಪುತ್ತವೆ. ನ್ಯೂ ಹ್ಯಾಂಪ್‌ಷೈರಿನ ಪೆಲ್ಹಮ್‌ನಲ್ಲಿ ಬೋಲ್ಡರ್ ಹಿಲ್ಸ್ ಎಂಬ ಬಡಾವಣೆ 2009ರಲ್ಲಿ ತೂತು ಟಾರಿನ ರಸ್ತೆ ಮಾಡಿಕೊಂಡಾಗ ಒಟ್ಟು ಅಭಿವೃದ್ಧಿ ಖರ್ಚಿನಲ್ಲಿ ಸುಮಾರು ಶೇ 6 ಉಳಿಯಿತು. ಷಿಕಾಗೊದಲ್ಲಿ ಸುಮಾರು 1,900 ಮೈಲಿ ಉದ್ದದ ಹಿತ್ತಿಲ ಓಣಿಗಳಿವೆ, ಅನೇಕಕ್ಕೆ ಚರಂಡಿಯೇ ಇಲ್ಲ. ನಗರಾಡಳಿತ 2006ರಲ್ಲಿ ಹಸಿರು ಓಣಿ ಯೋಜನೆ ಶುರುಮಾಡಿ ಅವುಗಳಿಗೆ ಇಂಗುವ ಹಾಸು ಹಾಕತೊಡಗಿತು.

ಇಷ್ಟೆಲ್ಲ ಸರಿಯಾಗಿ ಕಟ್ಟಿದ ರಸ್ತೆಯೂ ಸಾಯುತ್ತದೆ. ಕೊಲ್ಲುವುದು ಚಳಿಯಲ್ಲ, ಮರಳು, ಧೂಳು, ಕೊಳೆತ ಎಲೆ. ಜಾರದಿರಲೆಂದು ಹಿಮದ ಮೇಲೆ ಮರಳು ಚೆಲ್ಲುವ ಹಳೆಯ ರೂಢಿ ಈ ರಸ್ತೆಗೆ ವಿಷ. ಪಕ್ಕದ ಕಟ್ಟಡದ ಕೆಲಸದವನು ಒಂದು ಲೋಡು ಮಣ್ಣನ್ನು ಅದರ ಮೇಲೆ ಸುರಿದರೂ ಸಾಕು. ಉತ್ತರ ಸ್ವೀಡನ್ನಿನ ಲುಲಿಯೋ ಮತ್ತು ಹಪರಂಡಾಗಳ ತೂತು ಟಾರಿನ ಬೀದಿಗಳನ್ನು ಎರಡು ದಶಕದ ಆಸುಪಾಸಿನಲ್ಲಿ ಮತ್ತೆ ಅಳೆದಾಗ ವ್ಯತ್ಯಾಸ ಎದ್ದು ಕಂಡಿತು. ಹೊಸದಿದ್ದಾಗ ನಿಮಿಷಕ್ಕೆ 290 ಮಿಲಿಮೀಟರಿಗೂ ಹೆಚ್ಚು ನೀರು ಕುಡಿದಿದ್ದ ಟಾರು ಎರಡೂ ಕಡೆ ಬಹುಪಾಲು ಕಟ್ಟಿಕೊಂಡಿತ್ತು. ಆಗಾಗ ಶುಚಿಮಾಡಿಸಿಕೊಳ್ಳುತ್ತಿದ್ದ ಲುಲಿಯೋದ ಬೀದಿ ಒತ್ತಡದ ನೀರಿನಿಂದ ತೊಳೆದು ಹೀರಿದಾಗ ಮತ್ತೆ ಚೇತರಿಸಿಕೊಂಡಿತು. ಹಪರಂಡಾದ ಬೀದಿ ಅಷ್ಟು ಹೊತ್ತಿಗೆ ಕೈಮೀರಿಹೋಗಿತ್ತು. ರಸ್ತೆ ಮಾಡಲು ಹಣ ಹುಟ್ಟಿಸುವುದು ಎಲ್ಲ ದೇಶಗಳ ಪುರಸಭೆಗಳಿಗೂ ಸುಲಭ. ಮಾಡಿದ್ದನ್ನು ವರ್ಷಕ್ಕೆರಡು ಸಲ ಹೀರುಗಾಡಿಯಿಂದ ಗುಡಿಸಲು ಹಣ ಇಡಿಸುವುದು ಕಷ್ಟ. ಉದ್ಘಾಟನೆಗೆ ಬರುವ ಯಾವ ಮೇಯರೂ ಹೀರುಗಾಡಿಯ ಪಕ್ಕದಲ್ಲಿ ಫೋಟೊ ತೆಗೆಸಿಕೊಳ್ಳುವುದಿಲ್ಲ.

ನಮ್ಮ ಬಯಲುಸೀಮೆಯ ಪಟ್ಟಣಗಳಲ್ಲಿ ಯಾರಾದರೂ ಇಂಥ ಹಾಸು ಹಾಕಹೊರಟರೆ, ಟೇಬರ್‌ನ ಪ್ರಯೋಗವಾಗಲಿ ಶೇ 65ರ ಸೂತ್ರವಾಗಲಿ ಬೇಕಾಗುವುದಿಲ್ಲ. ಹಪರಂಡಾದ ಬೀದಿಯ ಗತಿ ಮಾತ್ರ ಚೆನ್ನಾಗಿ ಓದಿಕೊಂಡಿರಬೇಕು. ಬೇಸಿಗೆಯ ಧೂಳು, ರಸ್ತೆ ಬದಿಯ ಎಂ-ಸ್ಯಾಂಡ್ ರಾಶಿ, ಕೇಬಲ್ಲಿಗೆಂದು ಅಗೆದು ಬಿಟ್ಟ ಮಣ್ಣು ಇವು ಒಂದೇ ಮಳೆಗಾಲದಲ್ಲಿ ಮಾಡಬಲ್ಲ ಹಾನಿಯನ್ನು ಲುಲಿಯೋದ ಹತ್ತು ಚಳಿಗಾಲಗಳೂ ಮಾಡಲಾರವು.

ಹಾನಿ ಎಷ್ಟಾಗಿದೆಯೆಂದು ತಿಳಿಯಲು ದೊಡ್ಡ ಯಂತ್ರವೂ ಬೇಡ. ಅಮೆರಿಕದಲ್ಲಿ ಬಳಕೆಯಲ್ಲಿರುವ ಪರೀಕ್ಷೆಗೆ 30 ಸೆಂಟಿಮೀಟರ್ ಅಗಲದ ಒಂದು ಬಳೆ, ಅದನ್ನು ರಸ್ತೆಗೆ ಅಂಟಿಸಲು ಸ್ವಲ್ಪ ಮೇಣದಂಥ ಮೆತ್ತೆ, ಬಕೆಟ್ಟು, ಗಡಿಯಾರ ಸಾಕು. ಮೊದಲು 3.6 ಲೀಟರ್ ನೀರು ಸುರಿದು ಹೊತ್ತು ನೋಡುತ್ತಾರೆ. ಅದು 30 ಸೆಕೆಂಡಿನೊಳಗೆ ಇಂಗಿದರೆ ರಸ್ತೆ ಗಟ್ಟಿ ಕುಡುಕನೆಂದು ಅರ್ಥ. ಆಗ ನಿಜವಾದ ಪರೀಕ್ಷೆಗೆ 18 ಲೀಟರ್ ಸುರಿಯುತ್ತಾರೆ. ಹೆಚ್ಚು ಹೊತ್ತು ಹಿಡಿದರೆ ಮತ್ತೆ 3.6 ಲೀಟರ್ ಮಾತ್ರ ಸುರಿದು ಲೆಕ್ಕ ಬರೆದುಕೊಳ್ಳುತ್ತಾರೆ. ಇಂಗುವ ವೇಗ ವರ್ಷದಿಂದ ವರ್ಷಕ್ಕೆ ಕುಸಿಯುತ್ತ ಬಂದಿದ್ದರೆ, ಹಿಮ ಬೀಳುವ ಮೊದಲೇ ಹೀರುಗಾಡಿಗೆ ಹೇಳಿಕಳಿಸುತ್ತಾರೆ.